ಖಾಲಿ ಮನೆಯ ಲೆಕ್ಕ



ನಮ್ಮ ವಿದ್ಯಾರ್ಥಿವೇತನದ ಒಂದು ಪಾಲು ದಾನವಾಗಿ ಬಂದ ಮನೆಗಳ ಬಾಡಿಗೆಯಿಂದ ನಡೆಯುತ್ತದೆ. ಮನೆ ಖಾಲಿ ಬಿದ್ದರೆ ಅಷ್ಟು ಫೀಸು ಕೈತಪ್ಪಿದಂತೆ. 6,000 ರೂಪಾಯಿ ಬಾಡಿಗೆಯ ಮನೆಗೆ ಎರಡು ತಿಂಗಳು ಬೀಗ ಬಿದ್ದರೆ ವರ್ಷಕ್ಕೆ ಬರುವುದು 60,000. ಅದನ್ನೇ ಕೂಡಲೇ 5,500ಕ್ಕೆ ಕೊಟ್ಟರೆ 66,000. ಐನೂರಕ್ಕೆ ಹಟ ಹಿಡಿದು ನನ್ನ ಸ್ವಂತ ಮನೆಯನ್ನೇ ಮೂರು ತಿಂಗಳು ಖಾಲಿ ಇಟ್ಟವನು ನಾನು, ಕಲಿಸಿದ್ದು ಗಣಿತ!

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಕೆ.ಜಿ.ಎಫ್.ನ ಎಷ್ಟೋ ಮಂದಿ ಈಗ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಂಗಾರಪೇಟೆಯಲ್ಲಿ ಮನೆ ಹುಡುಕುವ ಇಂಥವರು ಮೊದಲು ಕೇಳುವುದು ಸ್ಟೇಷನ್ ಎಷ್ಟು ದೂರ, ನೀರು ಯಾವಾಗ ಬರುತ್ತದೆ ಎಂದು. ಟು-ಲೆಟ್ ಬೋರ್ಡಿನಲ್ಲಿ ಅದನ್ನೇ ಬರೆಯಿರಿ.

ಮಕ್ಕಳಿರುವವರು ಮನೆ ಬದಲಿಸುವುದು ಏಪ್ರಿಲ್-ಮೇ ತಿಂಗಳಲ್ಲಿ. ಕರಾರು ಆಗ ಮುಗಿಯುವಂತಿರಲಿ. 11 ತಿಂಗಳ ಕರಾರು ನವೀಕರಿಸಿದಾಗಲೆಲ್ಲ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ, ಗಮನಿಸಿ. ಎರಡು ತಿಂಗಳು ಮೊದಲೇ "ಮುಂದುವರಿಯುತ್ತೀರಾ?" ಎಂದು ಕೇಳಿ. ನಲ್ಲಿ, ವೈರಿಂಗ್ ರಿಪೇರಿಯನ್ನು ಅವರು ಇರುವಾಗಲೇ ಮುಗಿಸಿದರೆ ಆಮೇಲೆ ಸುಣ್ಣಬಣ್ಣ ಮಾತ್ರ ಉಳಿಯುತ್ತದೆ. ಅಡ್ವಾನ್ಸನ್ನು ಬೀಗದ ಕೈ ಪಡೆದ ದಿನವೇ, ಹಿಡಿದುಕೊಂಡ ಹಣದ ಚೀಟಿ ಸಮೇತ ಹಿಂತಿರುಗಿಸಿ. ಮುಂದಿನ ಬಾಡಿಗೆದಾರರನ್ನು ಎಷ್ಟೋ ಸಲ ಅವರೇ ಕರೆತರುತ್ತಾರೆ.