ವಿದೇಶಕ್ಕೆ ಸ್ವಯಂಸೇವೆಗೆ ಹೊರಡೋಕೆ ಮುಂಚೆ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಲ್ಲಿ ಡಿಗ್ರಿ ಓದ್ತಿದ್ದೀರಾ? ಬೇರೆ ದೇಶದ ಯುವಜನರ ಆರೋಗ್ಯಕ್ಕಾಗಿ ದುಡಿಯೋ ಆಸೆ ಇದ್ಯಾ? ದಾರಿ ಇದೆ.

ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ ಶುರುವಾಗಿದ್ದು 1970ರಲ್ಲಿ. ಕೇಂದ್ರ ಕಚೇರಿ ಜರ್ಮನಿಯ ಬಾನ್‌ನಲ್ಲಿ. 18 ತುಂಬಿದವರು ಹೆಸರು ನೋಂದಾಯಿಸಬಹುದು. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡೋ ಕೆಲಸಗಳೂ ಇವೆ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಅರ್ಜಿಗೆ ಅವರು ಶುಲ್ಕ ಕೇಳಲ್ಲ. ಅವರ ಹೆಸರಲ್ಲಿ ಯಾರಾದ್ರೂ ದುಡ್ಡು ಕೇಳಿದ್ರೆ ಒಂದು ರೂಪಾಯಿನೂ ಕೊಡಬೇಡಿ. ಅಪ್ಪ ಅಮ್ಮ ಸಾಲ ಮಾಡಿ ಹೊಂದಿಸೋ ಹಣ ಅದು.

ಸರಿ, ಅಲ್ಲಿಗೆ ಹೋಗಿ ಯುವಜನರಿಗೆ ಏನು ಕಲಿಸ್ತೀರಿ? ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳನ್ನ ಗುರುತಿಸಿದೆ. ನಿರ್ಧಾರ ತಗೊಳ್ಳೋದು, ಸಿಟ್ಟು ದುಃಖ ನಿಭಾಯಿಸೋದು, ಇನ್ನೊಬ್ಬರ ಕಷ್ಟ ಅರ್ಥ ಮಾಡ್ಕೊಳ್ಳೋದು ಅದರಲ್ಲಿ ಸೇರಿವೆ. ಹದಿನಾರರ ಹುಡುಗಿಗೆ ಗಂಡು ನೋಡೋಕೆ ಶುರು ಮಾಡಿದಾಗ, ‘ಬೇಡ, ನಾನು ಓದ್ತೀನಿ’ ಅಂತ ಮನೆಯವರ ಮುಂದೆ ಹೇಳೋಕೆ ಬೇಕಾಗೋದು ಇವೇ.

ಈ ಕೌಶಲಗಳನ್ನ ಕನ್ನಡದಲ್ಲೇ ಕಲಿಯಬಹುದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯದ ಯುವ ಸಬಲೀಕರಣ ಇಲಾಖೆ ‘ಯುವ ಸ್ಪಂದನ’ ಕಾರ್ಯಕ್ರಮ ರೂಪಿಸಿತು. ಅದರಲ್ಲಿ ತರಬೇತಿ ಪಡೆದ ‘ಯುವ ಪರಿವರ್ತಕರು’ ಜಿಲ್ಲೆ ಜಿಲ್ಲೆಗಳಲ್ಲಿ ದುಡಿದಿದ್ದಾರೆ. ರಾಮನಗರದ ಇಲಾಖೆ ಕಚೇರೀಲಿ ವಿಚಾರಿಸಿ. ಪಾಸ್‌ಪೋರ್ಟ್ ಅರ್ಜಿನೂ ಈಗಲೇ ಹಾಕಿಬಿಡಿ.