ಗ್ರೇವ್‌ಟೈ ಮಹಲಿನ ಕಾಡುತೋಟ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಶ್ರೀಮಂತ ಮನೆತನಗಳ ಹಳೆಯ ಮಹಲುಗಳನೇಕವು ಈಗ ಪಾಂಥನಿವಾಸಗಳಾಗಿ ಪರಿಣಮಿಸಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಪ್ರವಾಸಿಕರು ಕಟ್ಟಡದ ವೈಭವಕ್ಕಾಗಿ ಹೋಗುವರು. ಸಸೆಕ್ಸ್ ಪ್ರಾಂತದ ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣಕ್ಕೆ ಸಮೀಪವಾದ ಗ್ರೇವ್‌ಟೈ ಮಹಲಿಗಾದರೋ ತೋಟಕ್ಕಾಗಿಯೇ ಹೋಗಬೇಕು.

ಮನೆಯು 1598ರಷ್ಟು ಹಳೆಯದು. ಆದರೆ ಅದರ ಕೀರ್ತಿಗೆ ಕಾರಣನಾದವನು 1884ರಲ್ಲಿ ಅದನ್ನು ಕೊಂಡ ವಿಲಿಯಂ ರಾಬಿನ್‌ಸನ್. 1838ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಈತನು ಎಳೆಯ ವಯಸ್ಸಿನಲ್ಲಿ ಪರರ ತೋಟದಲ್ಲಿ ದುಡಿದವನು. ಅನಂತರ ಲೇಖನಿಯ ಬಲದಿಂದಲೇ ಮಹಲಿನ ಒಡೆಯನಾದನು. ತೋಟಗಾರಿಕೆಯ ಬರೆಹದಿಂದ ಇಷ್ಟು ಐಶ್ವರ್ಯ ಬಂದೀತೆಂದರೆ ನಮ್ಮ ಲೇಖಕರು ನಂಬಲಾರರು!

ಆ ಕಾಲದ ಧನಿಕರು ಚಳಿಗೆ ತಾಳದ ಗಿಡಗಳನ್ನು ಗಾಜಿನ ಮನೆಗಳಲ್ಲಿ ಬೆಂಕಿಯ ಕಾವುಕೊಟ್ಟು ಬೆಳಸಿ, ಬೇಸಗೆಯಲ್ಲಿ ರಂಗವಲ್ಲಿಯಂತೆ ಅಂಗಳದಲ್ಲಿ ನೆಡಿಸುತ್ತಿದ್ದರು. ಚಳಿ ಬಂದೊಡನೆ ಕಿತ್ತು ಬಿಸುಡುತ್ತಿದ್ದರು. ರಾಬಿನ್‌ಸನ್ನನು ಇದನ್ನು ಕಟುವಾಗಿ ಖಂಡಿಸಿದನು. ಹಿಮವನ್ನು ಸಹಿಸಬಲ್ಲ ಗಿಡಗಳನ್ನು, ಅವು ದೂರದ ನಾಡಿನವಾದರೂ ಚಿಂತೆಯಿಲ್ಲ, ತಮಗೊಪ್ಪುವ ನೆಲದಲ್ಲಿ ನೆಟ್ಟು ಸ್ವತಂತ್ರವಾಗಿ ಬೆಳೆಯಬಿಡಬೇಕೆಂಬುದು 1870ರಲ್ಲಿ ಆತನು ಪ್ರಕಟಿಸಿದ ‘ದಿ ವೈಲ್ಡ್ ಗಾರ್ಡನ್’ ಎಂಬ ಗ್ರಂಥದ ಸಾರ. ಬರೆದುದನ್ನು ನೆಲದಲ್ಲಿ ತೋರಿಸಲು ಗ್ರೇವ್‌ಟೈ ದೊರೆಯಿತು.

ಅಲ್ಲಿ ಮನೆಯ ಗೋಡೆಗೆ ಹತ್ತಿರದಲ್ಲಿ ಹೂವಿನ ಪಾತಿಗಳು, ಕೆಳಗೆ ಇಳಿಜಾರಿನಲ್ಲಿ ಹುಲ್ಲುಗಾವಲು, ಅದರಾಚೆ ಕೆರೆ, ಸುತ್ತಲೂ ಕಾಡು. ಎಲ್ಲಿ ತೋಟ ಮುಗಿದು ಕಾಡು ಮೊದಲಾಯಿತೆಂದು ಗೆರೆಯೆಳೆದು ತೋರಿಸುವುದು ಕಷ್ಟ. ವಸಂತದಲ್ಲಿ ಹುಲ್ಲಿನ ನಡುವೆ ಡ್ಯಾಫೊಡಿಲ್ ಹೂಗಳು ಅರಳುವುವು. ಅವು ಮುಗಿಯುವ ಹೊತ್ತಿಗೆ ಮರಗಳಡಿಯಲ್ಲಿ ಬ್ಲೂಬೆಲ್ ಹೂಗಳು ನೆಲವನ್ನೆಲ್ಲ ನೀಲಿಯಾಗಿಸುವುವು. ಮೇಲಿನ ಎಲೆಗಳು ದಟ್ಟವಾಗಿ ಬಿಸಿಲನ್ನು ಮರೆಮಾಡುವುದಕ್ಕೆ ಮುಂಚೆಯೇ ಅವು ತಮ್ಮ ವರ್ಷದ ಕೆಲಸವನ್ನು ಮುಗಿಸಿಕೊಳ್ಳಬೇಕು. ಹುಲ್ಲನ್ನು ಬೇಗನೆ ಕೊಯ್ಯುವಂತಿಲ್ಲ. ಹೂಗಳು ಕಾಯಾಗಿ ಬೀಜ ಉದುರಿದಮೇಲೆ ಕೊಯ್ದರೆ ಮಾತ್ರ ಮುಂದಿನ ವರ್ಷಕ್ಕೆ ಭರವಸೆ. ಮುಪ್ಪಿನಲ್ಲಿ ಕಾಲು ಬಿದ್ದುಹೋದ ರಾಬಿನ್‌ಸನ್ನನು ಗಾಲಿಕುರ್ಚಿಯಲ್ಲಿ ಕುಳಿತೇ ಈ ದಾರಿಗಳಲ್ಲಿ ಸಂಚರಿಸುತ್ತಿದ್ದನು.

ಆತನಿಗೆ ಮಕ್ಕಳಿರಲಿಲ್ಲ. 1935ರಲ್ಲಿ ಕಾಲವಾದಾಗ ಆಸ್ತಿಯನ್ನು ಅರಣ್ಯಸಂವರ್ಧನೆಗಾಗಿ ರಾಷ್ಟ್ರಕ್ಕೆ ಬಿಟ್ಟನು. ಕಾಡಿಗೇನೋ ಆಶ್ರಯವಾಯಿತು, ತೋಟವನ್ನು ಕೇಳುವವರಿಲ್ಲದಾಯಿತು. ಇಲ್ಲಿಯೇ ವಿಚಾರ ಮಾಡತಕ್ಕ ಸಂಗತಿಯಿರುವುದು. ತಾನೇ ಬೆಳೆದಂತೆ ಕಾಣುವ ತೋಟವು ತಾನೇ ಬೆಳೆಯಲೊಲ್ಲದು. ಕೈ ಹಿಂದೆಗೆದರೆ ಮುಳ್ಳುಬಳ್ಳಿಯೂ ಕಳೆಯೂ ಸೌಮ್ಯವಾದ ಹೂಗಿಡಗಳನ್ನು ನುಂಗುವುವು. 1958ರಲ್ಲಿ ಮಹಲು ಪಾಂಥನಿವಾಸವಾಗಿ ತೆರೆದಾಗ ಹೊಸ ಯಜಮಾನರು ಹಾಳುಬಿದ್ದ ತೋಟವನ್ನು ವರ್ಷಗಟ್ಟಳೆ ದುಡಿದು ಎತ್ತಿನಿಲ್ಲಿಸಬೇಕಾಯಿತು. ಮುಂದೆಯೂ ಒಮ್ಮೆ ಆರೈಕೆ ತಗ್ಗಿ, 2010ರಲ್ಲಿ ಒಡೆತನ ಬದಲಾದಮೇಲೆ ಅದೇ ಕೆಲಸ ಮರಳಿ ನಡೆಯಿತು. ಕೊಠಡಿಗೆ ಅತಿಥಿಯು ತೆರುವ ಹಣದಲ್ಲಿ ಒಂದು ಪಾಲು ಕಳೆ ಕೀಳುವವರ ಸಂಬಳವೆಂದೇ ಎಣಿಸಬೇಕು. ವಾರಸುದಾರರಿಲ್ಲದ ತೋಟಕ್ಕೆ ಹೋಟೆಲು ವಾರಸುದಾರನಾದುದು ಹೀಗೆ.

ಗೃಹಿಣಿಯರಿಗೆ ಹೆಚ್ಚು ಮೆಚ್ಚಿಗೆಯಾಗುವುದು ಬಹುಶಃ ಮೇಲುದಿಣ್ಣೆಯ ಕಾಯಿಪಲ್ಯದ ತೋಟ. ರಾಬಿನ್‌ಸನ್ನನು ಕಟ್ಟಿಸಿದ ಕಲ್ಲಿನ ಗೋಡೆ ಅದನ್ನು ಅಂಡಾಕಾರವಾಗಿ ಬಳಸಿದೆ. ಚೌಕದ ಮೂಲೆಗಳು ಅದಕ್ಕಿಲ್ಲ. ಹಗಲೆಲ್ಲ ಬಿಸಿಲು ಹೀರಿದ ಆ ಕಲ್ಲಿನ ಆಸರೆಯಲ್ಲಿ ಹಣ್ಣಿನ ಗಿಡಗಳನ್ನು ಹಬ್ಬಿಸಿರುವರು. ಬುಟ್ಟಿ ತುಂಬಿದ ಸೊಪ್ಪು, ಗೆಡ್ಡೆ, ಹಣ್ಣುಗಳು ಅಲ್ಲಿಂದ ಮಹಲಿನ ಅಡಿಗೆಮನೆಗೆ ಇಳಿದುಹೋಗುವುವು.