ಪಣಜಿಯ ವಾದ್ಯಮಂಟಪ ಮತ್ತು ಒಬ್ಬ ವೈದ್ಯನ ಹೆಸರು

ತಪಸ್ಸುಕಾಲಕ್ಕೆ ಮುಂಚಿನ ನಾಲ್ಕು ದಿನ ಗೋವೆಯಲ್ಲಿ ಕಾರ್ನಿವಾಲ್. ಪಣಜಿಯಲ್ಲಿ ಹಾಡು ಕುಣಿತಗಳಿಗೆ ಜನ ನೆರೆಯುವ ಸ್ಥಳಗಳಲ್ಲಿ ಗಾರ್ಸಿಯಾ ಡ ಓರ್ತಾ ಉದ್ಯಾನವೂ ಒಂದು. 1855ರಲ್ಲಿ ರೂಪುಗೊಂಡ ಈ ಉದ್ಯಾನದ ನಡುವೆ ಹಳೆಯದೊಂದು ವಾದ್ಯಮಂಟಪವಿದೆ. ಜನರ ಬಾಯಲ್ಲಿ ಅದು ಬ್ಯಾಂಡ್‌ಸ್ಟ್ಯಾಂಡ್.

ಎತ್ತರದ ಜಗುಲಿ, ಮೇಲೊಂದು ಚಾವಣಿ, ಸುತ್ತಲೂ ಬಯಲು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಇಂಥ ರಚನೆಗೆ ಅರ್ಥವಿತ್ತು. ತುತ್ತೂರಿಯ ನಾದ ಚಾವಣಿಗೆ ತಾಗಿ ನಾಲ್ಕೂ ದಿಕ್ಕಿಗೆ ಹರಡುತ್ತಿತ್ತು. ಕೇಳುವವರು ಎಲ್ಲಿ ನಿಂತರೂ ಸರಿಯೇ. ಗೋವೆಯ ಚರ್ಚ್ ಶಾಲೆಗಳು ಹುಡುಗರಿಗೆ ಪಿಟೀಲನ್ನೂ ಸ್ವರಲಿಪಿಯನ್ನೂ ಕಲಿಸುತ್ತಿದ್ದುದರಿಂದ ವಾದ್ಯಗಾರರಿಗೆ ಬರವಿರಲಿಲ್ಲ. ಇಂದು ಹಬ್ಬದ ದಿನಗಳಲ್ಲಿ ಧ್ವನಿವರ್ಧಕಗಳ ಅಬ್ಬರದ ಮುಂದೆ ಮಂಟಪದ ಈ ಜಾಣತನ ಯಾರ ಗಮನಕ್ಕೂ ಬಾರದು.

ಉದ್ಯಾನಕ್ಕೆ ಸಮೀಪದಲ್ಲೇ, ಮೆಟ್ಟಿಲ ಸಾಲಿನ ಮೇಲೆ, ಅಮಲೋದ್ಭವಿ ಮಾತೆಯ ದೇವಾಲಯವಿದೆ. ಅದರ ದೊಡ್ಡ ಗಂಟೆ ಹಳೆ ಗೋವೆಯ ಪಾಳುಬಿದ್ದ ಅಗಸ್ಟೀನಿಯನ್ ಮಠದ್ದು. 1871ರಲ್ಲಿ ಇಲ್ಲಿಗೆ ಬಂತು. ಕಾರ್ನಿವಾಲ್ ತನ್ನ ಹಬ್ಬವಲ್ಲವೆಂದು ಗೋವೆಯ ಧರ್ಮಸಭೆ ಸ್ಪಷ್ಟಪಡಿಸಿದೆ. ಅದು ಸರಿಯಾದ ಮಾತೇ. ಆದರೆ ಈ ಉದ್ಯಾನ ಹೊತ್ತಿರುವ ಹೆಸರು ಮಾತ್ರ ನಮಗೆ ಸಂಬಂಧಿಸಿದ್ದು.

ಗಾರ್ಸಿಯಾ ಡ ಓರ್ತಾ ಪೋರ್ಚುಗೀಸ್ ವೈದ್ಯ. ಯೆಹೂದ್ಯ ಮೂಲದ ಕ್ರೈಸ್ತ ಮನೆತನದವನು. ನಮ್ಮ ನಾಡಿನ ಗಿಡಮೂಲಿಕೆಗಳನ್ನು ಕುರಿತು ಸಂವಾದರೂಪದಲ್ಲಿ ಅವನು ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಭಾರತದಲ್ಲಿ ಮುದ್ರಣಗೊಂಡ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. 1568ರಲ್ಲಿ ಅವನು ತೀರಿಕೊಂಡ. ಮರುವರ್ಷವೇ ಅವನ ತಂಗಿ ಕಾತರೀನಾಳನ್ನು, ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸಿದಳೆಂದು, ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಅಪರಾಧಿಯೆಂದು ತೀರ್ಮಾನಿಸಿತು. ಅವಳನ್ನು ಜೀವಂತ ಸುಡಲಾಯಿತು. 1580ರಲ್ಲಿ ಓರ್ತಾನ ಗೋರಿಯನ್ನು ಅಗೆದು, ಅವನ ಎಲುಬುಗಳನ್ನೂ ಸುಟ್ಟರು.

ಇದು ದೂರದ ಕಥೆಯಲ್ಲ. ಮಂಗಳೂರು ಸೀಮೆಯ ನಮ್ಮ ಎಷ್ಟೋ ಕುಟುಂಬಗಳ ಪೂರ್ವಿಕರು ಗೋವೆಯನ್ನು ತೊರೆದು ಬಂದವರು. ಬರಗಾಲ, ಯುದ್ಧ, ತೆರಿಗೆಗಳ ಜೊತೆಗೆ ಈ ನ್ಯಾಯಾಲಯದ ಭಯವನ್ನೂ ಇತಿಹಾಸಕಾರರು ಕಾರಣವಾಗಿ ಹೇಳುತ್ತಾರೆ. ಅದು ಕೊನೆಗೂ ಮುಚ್ಚಿದ್ದು 1812ರಲ್ಲಿ.

ಧರ್ಮಸಭೆ ಉರುಳಿಸಿದ ಹೆಸರನ್ನು ಪೌರರು ಎತ್ತಿ ನಿಲ್ಲಿಸಿದರು, ಅದೂ ವಾದ್ಯ ನುಡಿಯುವ ಜಾಗದಲ್ಲಿ. ಧರ್ಮಸಭೆ ತನ್ನ ಮಾತನ್ನು ಹೇಳಲು ಇನ್ನೂ ಕಾಲ ಬೇಕಾಯಿತು. 2000ನೇ ಇಸವಿಯ ಕಾರ್ನಿವಾಲ್ ಮಾರ್ಚ್ 7ರ ಮಂಗಳವಾರ ಮುಗಿದಿತ್ತು. ಮಾರನೆಯ ದಿನ ವಿಭೂತಿ ಬುಧವಾರ. ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಜಗದ್ಗುರು ಎರಡನೆಯ ಜಾನ್ ಪೌಲರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಸತ್ಯದ ಹೆಸರಿನಲ್ಲಿ ನಡೆದ ಬಲಾತ್ಕಾರಕ್ಕಾಗಿಯೂ ಯೆಹೂದ್ಯರಿಗೆ ಮಾಡಿದ ಅನ್ಯಾಯಕ್ಕಾಗಿಯೂ ದೇವರ ಕ್ಷಮೆ ಬೇಡಿದರು.